ಘಾಟಿಯ ಮೇಲೆ ಚಳಿ, ಕೆಳಗೆ ಸೆಕೆ

ಬಿ.ಸಿ. ರೋಡಿನ ಒಂದು ಬಟ್ಟೆ ಅಂಗಡಿ. ಶಿವರಾತ್ರಿಗೆ ಇನ್ನೆರಡು ವಾರ. ಹೊರಗೆ ರಣಬಿಸಿಲು, ಒಳಗೆ ಫ್ಯಾನಿನ ಕೆಳಗೆ ನಿಂತವರಿಗೂ ಸೆಕೆ. ಅಂಥದ್ದರಲ್ಲಿ ಮೂಡಬಿದಿರೆಯ ಹಾಸ್ಟೆಲಿನಲ್ಲಿದ್ದು ಪದವಿ ಓದುವ ಹುಡುಗಿಯೊಬ್ಬಳು ದಿಂಬಿನ ಹಾಗೆ ಉಬ್ಬಿದ ಕಪ್ಪು ಜರ್ಕಿನ್ ಒಂದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಾಳೆ. ಅಪ್ಪ ಬೆಲೆಯ ಚೀಟಿಯನ್ನು ಮತ್ತೆ ಮತ್ತೆ ತಿರುವಿ ನೋಡುತ್ತಾರೆ.

“ಅಲ್ಲ ಮಾರಾಯ್ತಿ, ಈ ಸೆಕೆಗೆ ಯಾರಾದರೂ ಜರ್ಕಿನ್ ಹಾಕ್ತಾರಾ?”

“ಇಲ್ಲಿ ಸೆಕೆ ಅಪ್ಪ. ಕೊಟ್ಟಿಗೆಹಾರದಲ್ಲಿ ಬೆಳಿಗ್ಗೆ ಎಂಥಾ ಚಳಿ ಉಂಟು ಗೊತ್ತುಂಟಾ?”

“ಮನೆಯಲ್ಲಿ ಅಜ್ಜನ ಶಾಲು ಉಂಟಲ್ಲ, ಅದು ಸಾಕು” ಎಂದು ಅಮ್ಮನ ತೀರ್ಪು. ಮಗಳ ಮುಖ ಸಣ್ಣದಾಯಿತು.

ಮೂವರ ಮಾತೂ ಸರಿಯೇ. ಮೂವರ ಮಾತೂ ಅರ್ಧ ಮಾತ್ರ ಸರಿ. ಹುಡುಗಿ ಮತ್ತು ಅವಳ ಐವರು ಗೆಳತಿಯರು ಬಸ್ಸಿನಲ್ಲಿ ಕೊಟ್ಟಿಗೆಹಾರಕ್ಕೆ ಹೋಗಿ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳದವರೆಗೆ ನಡೆಯುವ ಯೋಚನೆ ಹಾಕಿಕೊಂಡಿದ್ದಾರೆ. ಸುಮಾರು 45 ಕಿಲೋಮೀಟರ್ ದಾರಿ, ಎರಡು ದಿನದ ನಡಿಗೆ. ಜೊತೆಗೆ ಒಬ್ಬಳ ಅತ್ತೆ ಮತ್ತು ಮಾವ ಬರುತ್ತಾರೆ. ಮನೆಯವರ ಒಪ್ಪಿಗೆ ಸಿಕ್ಕಿದೆ. ಉಳಿದಿರುವುದು ಬಟ್ಟೆಯ ಪ್ರಶ್ನೆ.

ಅದು ಸಣ್ಣ ಪ್ರಶ್ನೆಯಲ್ಲ ಎನ್ನುವುದಕ್ಕೆ ಹಿಂದಿನ ವರ್ಷದ ಒಂದು ಸಂಗತಿ ಈ ಹುಡುಗಿಯರಿಗೆಲ್ಲ ನೆನಪಿದೆ. ಇದೇ ದಾರಿಯಲ್ಲಿ ನಡೆದಿದ್ದ ಅವರ ಸಹಪಾಠಿಯೊಬ್ಬಳು ಮುಂಡಾಜೆ ದಾಟುವಷ್ಟರಲ್ಲಿ ತಲೆ ತಿರುಗಿ ರಸ್ತೆ ಬದಿಯಲ್ಲಿ ಕುಸಿದು ಕುಳಿತಳು. ಹೊತ್ತು ಮಧ್ಯಾಹ್ನ ಹನ್ನೆರಡೂವರೆ. ಅವಳ ಮೈಮೇಲೆ ಆಗಲೂ ಬೆಳಗಿನ ಜಾವದ ಜಾಕೆಟ್ ಇತ್ತು. ಹತ್ತಿರದ ಮನೆಯವರು ಜಗಲಿಯಲ್ಲಿ ಮಲಗಿಸಿ, ನೀರು ಚಿಮುಕಿಸಿ, ಉಪ್ಪು ಹಾಕಿದ ಮಜ್ಜಿಗೆ ಕೊಟ್ಟರು. ಒಂದು ಗಂಟೆಯಲ್ಲಿ ಚೇತರಿಸಿಕೊಂಡಳು. ‘ಜಾಕೆಟ್ ಯಾಕೆ ತೆಗೆಯಲಿಲ್ಲ ಮಗಾ?’ ಎಂದು ಆ ಮನೆಯ ಅಜ್ಜಿ ಕೇಳಿದಾಗ ಅವಳು ಉತ್ತರ ಕೊಡಲಿಲ್ಲ. ಆ ಉತ್ತರಕ್ಕೆ ಆಮೇಲೆ ಬರೋಣ.

ಶಿವರಾತ್ರಿಯ ಹೊತ್ತಿಗೆ ಘಟ್ಟದ ಮೇಲಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಬರುವವರನ್ನು ಬೆಳ್ತಂಗಡಿ ತಾಲೂಕಿನವರಿಗೆ ಪರಿಚಯಿಸಬೇಕಾಗಿಲ್ಲ. ಬೆಂಗಳೂರು, ತುಮಕೂರು, ಮಂಡ್ಯ, ಹಾಸನ, ಚಿಕ್ಕಮಗಳೂರು ಕಡೆಗಳಿಂದ ಸಾವಿರಾರು ಜನ ತಂಡ ತಂಡವಾಗಿ ಬರುತ್ತಾರೆ. ಬೆಂಗಳೂರಿನಿಂದ ಹೊರಟವರಿಗೆ ದಾರಿ ಸುಮಾರು 300 ಕಿಲೋಮೀಟರ್, ವಾರಕ್ಕೂ ಮಿಕ್ಕಿದ ನಡಿಗೆ. ಹೆಗಲಿಗೆ ಟವೆಲು, ಕೈಯಲ್ಲಿ ನೀರಿನ ಬಾಟಲಿ, ಹಲವರ ಕಾಲಲ್ಲಿ ಚಪ್ಪಲಿಯೂ ಇಲ್ಲ. ಕೆಲವರು ಶಿರಾಡಿಯ ಮೂಲಕ ಇಳಿದರೆ ದೊಡ್ಡ ಸಂಖ್ಯೆಯವರು ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿಯಲ್ಲಿ ಇಳಿಯುತ್ತಾರೆ. ಚಾರ್ಮಾಡಿ, ಕಕ್ಕಿಂಜೆ, ಮುಂಡಾಜೆ, ಉಜಿರೆಯವರು ರಸ್ತೆ ಬದಿಯಲ್ಲಿ ಮಜ್ಜಿಗೆ, ಕಲ್ಲಂಗಡಿ, ಪಾನಕ ಹಿಡಿದು ನಿಲ್ಲುತ್ತಾರೆ. ಈಚೆಗೆ ಬಂಟ್ವಾಳ, ಮೂಡಬಿದಿರೆ ಕಡೆಯ ಕಾಲೇಜು ಮಕ್ಕಳಿಗೂ ಈ ನಡಿಗೆಯ ಹುಚ್ಚು ಹಿಡಿದಿದೆ. ಕೆಲವರು ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಯ ಮೂಲಕ ನಡೆದರೆ ಕೆಲವರು ಮೂಡಬಿದಿರೆಯಿಂದ ವೇಣೂರಿನ ದಾರಿ ಹಿಡಿಯುತ್ತಾರೆ. ಎರಡೂ ಐವತ್ತು ಕಿಲೋಮೀಟರಿನ ಆಸುಪಾಸು. ಆದರೆ ಆ ಎರಡು ದಾರಿಗಳಲ್ಲಿ ಚಳಿಯ ಪ್ರಶ್ನೆಯೇ ಇಲ್ಲ. ಬಟ್ಟೆಯ ಲೆಕ್ಕಾಚಾರ ಬೇಕಾಗುವುದು ಘಾಟಿ ಇಳಿಯುವವರಿಗೆ.

ಪಂಚಾಂಗದಲ್ಲಿ ವಸಂತ ಯಾವಾಗ ಬೇಕಾದರೂ ಬರಲಿ, ತುಳುನಾಡಿನಲ್ಲಿ ಮಾಯಿ ತಿಂಗಳು ಹುಟ್ಟಿತೆಂದರೆ ಸೆಕೆ ಹುಟ್ಟಿತೆಂದೇ ಅರ್ಥ. ಗೇರುಮರ ಹೂ ಬಿಟ್ಟು, ಹಲಸಿನ ಮರದಲ್ಲಿ ಗುಜ್ಜೆ ತೂಗತೊಡಗುವ ಕಾಲ. ಶಿವರಾತ್ರಿಯಾದರೋ ವರ್ಷ ವರ್ಷ ಜಾಗ ಬದಲಿಸುವ ಹಬ್ಬ. 2024ರಲ್ಲಿ ಮಾರ್ಚ್ 8ಕ್ಕೆ, 2025ರಲ್ಲಿ ಫೆಬ್ರವರಿ 26ಕ್ಕೆ, 2026ರಲ್ಲಿ ಫೆಬ್ರವರಿ 15ಕ್ಕೆ ಬಂತು. ಈ ಮೂರು ವಾರಗಳ ಅಂತರ ಕಡಿಮೆಯದಲ್ಲ. ಫೆಬ್ರವರಿ ನಡುವಿನಲ್ಲಿ ಮೇಲೆ ಚಳಿ ಇನ್ನೂ ಉಳಿದಿರುತ್ತದೆ. ಮಾರ್ಚ್ ಎರಡನೆಯ ವಾರಕ್ಕೆ ಕೆಳಗಿನ ಬಿಸಿಲು ಕೆಂಡವಾಗಿರುತ್ತದೆ. 2025ರ ಶಿವರಾತ್ರಿಯ ದಿನಗಳಲ್ಲಿ ಹವಾಮಾನ ಇಲಾಖೆ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆಯನ್ನೇ ಕೊಟ್ಟಿತ್ತು. ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಿದ ಮೇಲೆ ಇಲಾಖೆ ಬಿಸಿಗಾಳಿಯ ಮಾತಾಡಿದರೆ, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ ವಾಡಿಕೆಗಿಂತ 4.5 ಡಿಗ್ರಿ ಮೇಲಾದರೆ ಸಾಕು. ಇಲ್ಲಿನ ಗಾಳಿಯ ತೇವವೇ ಅದಕ್ಕೆ ಕಾರಣ. ಹಾಗಾಗಿ ಏನು ತೊಡಬೇಕೆಂದು ನಿರ್ಧರಿಸುವ ಮೊದಲು ಹಬ್ಬ ಯಾವ ತಾರೀಕಿಗೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಮೇಲಿನ ಚಳಿ. ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಉಷ್ಣತೆ ಇಳಿಯುತ್ತದೆ ಎಂದು ಪಾಠಪುಸ್ತಕದಲ್ಲಿ ಓದಿರುತ್ತೀರಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಊರಿಗೆ ಬರುವಷ್ಟರಲ್ಲಿ ದಾರಿ ಹತ್ತಿರ ಹತ್ತಿರ ಮುಕ್ಕಾಲು ಕಿಲೋಮೀಟರ್ ಕೆಳಗೆ ಇಳಿದಿರುತ್ತದೆ. ಅಂದರೆ ಬರೀ ಎತ್ತರದ ಲೆಕ್ಕದಲ್ಲೇ ಐದು ಡಿಗ್ರಿ ವ್ಯತ್ಯಾಸ. ಅದರ ಮೇಲೆ ಇನ್ನೊಂದು ಸಂಗತಿ ಸೇರುತ್ತದೆ. ಮೋಡವಿಲ್ಲದ ರಾತ್ರಿ ಘಟ್ಟದ ಮೇಲಿನ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣ್ಣಗಾಗುತ್ತದೆ. ಕರಾವಳಿಗೆ ಸಮುದ್ರ ಕಂಬಳಿ ಹೊದೆಸಿದ ಹಾಗೆ. ರಾತ್ರಿಯ ಉಷ್ಣತೆ ಇಪ್ಪತ್ತೊಂದು ಇಪ್ಪತ್ತೆರಡಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಹಾಗಾಗಿ ನಸುಕಿನ ಐದು ಗಂಟೆಗೆ ಕೊಟ್ಟಿಗೆಹಾರದಲ್ಲಿ ಹದಿನೈದರ ಆಸುಪಾಸಿನಲ್ಲಿ ಹಲ್ಲು ಕಟಕಟ ಎನ್ನಿಸುತ್ತ ಹೊರಟವರು ಅದೇ ಮಧ್ಯಾಹ್ನ ಕಕ್ಕಿಂಜೆಯಲ್ಲಿ ಮೂವತ್ತಮೂರು ಮೂವತ್ತನಾಲ್ಕರಲ್ಲಿ ಬೇಯುತ್ತಿರುತ್ತಾರೆ. ಒಂದೇ ದಿನ, ಒಂದೇ ದಾರಿ, ಎರಡು ಋತು.

ಇಷ್ಟು ವ್ಯತ್ಯಾಸಕ್ಕೆ ಒಂದೇ ಬಟ್ಟೆ ಹೊಂದುವುದಿಲ್ಲ. ದಪ್ಪ ಜರ್ಕಿನ್ ಎಂದರೆ ಒಂದೋ ಪೂರ್ತಿ ಮೈಮೇಲೆ, ಇಲ್ಲವೇ ಪೂರ್ತಿ ಕೈಯಲ್ಲಿ. ನಡುವಿನ ಸ್ಥಿತಿ ಅದಕ್ಕೆ ಗೊತ್ತಿಲ್ಲ. ಹಾಗಾಗಿ ದಪ್ಪದ ಒಂದರ ಬದಲು ತೆಳುವಾದ ಎರಡು ಮೂರು, ಒಂದರ ಮೇಲೊಂದು. ನಡೆಯುತ್ತ ನಡೆಯುತ್ತ ಈರುಳ್ಳಿ ಸುಲಿದಂತೆ ಒಂದೊಂದೇ ಕಳಚಬೇಕು. ಇದು ಹೊಸ ಉಪಾಯವೇನಲ್ಲ. 1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರ ಮೇ 1ರಂದು ಸಿಕ್ಕಿದಾಗ ಅವನ ಮೈಮೇಲಿದ್ದದ್ದು ರೇಷ್ಮೆ, ಹತ್ತಿ, ಉಣ್ಣೆಯ ತೆಳು ಅಂಗಿಗಳ ಪದರಗಳು ಮತ್ತು ಹೊರಗೊಂದು ಗಾಳಿ ತಡೆಯುವ ಗ್ಯಾಬರ್ಡಿನ್ ಕೋಟು. ಆ ಉಡುಪಿನ ಪಡಿಯಚ್ಚನ್ನು ಹೊಲಿಸಿ 2006ರಲ್ಲಿ ಎವರೆಸ್ಟಿನಲ್ಲೇ ತೊಟ್ಟು ನೋಡಿದವರು ಅದು ಹಗುರವಾಗಿ, ಹಿತವಾಗಿ ಇದೆ ಎಂದೇ ಹೇಳಿದರು. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡುವುದು, ಬಟ್ಟೆಯ ದಪ್ಪವಲ್ಲ.

ಮೊದಲ ಪದರದಿಂದ ಶುರು ಮಾಡೋಣ. ಮೈಗೆ ತಾಗುವ ಈ ಅಂಗಿಯ ಬಗ್ಗೆ ಅಂಗಡಿಯಲ್ಲಿ ಯಾರೂ ಯೋಚಿಸುವುದಿಲ್ಲ, ಆದರೆ ದಾರಿಯಲ್ಲಿ ಅತ್ಯಂತ ಹೆಚ್ಚು ಸತಾಯಿಸುವುದು ಅದೇ. ‘ಹತ್ತಿ ಬಟ್ಟೆ ಹಾಕು, ಬೆವರು ಹೀರುತ್ತದೆ’ ಎನ್ನುವುದು ಎಲ್ಲ ಮನೆಗಳ ಬುದ್ಧಿಮಾತು. ಮನೆಯಲ್ಲಿ ಕುಳಿತಿರುವವರಿಗೆ, ಬಜಾರಿಗೆ ಹೋಗಿ ಬರುವವರಿಗೆ ಆ ಮಾತು ಸರಿ. ಹತ್ತಿ ಬೆವರನ್ನು ಹೀರುತ್ತದೆ, ನಿಜ. ಆದರೆ ಹೀರಿದ್ದನ್ನು ಬಿಡುವುದಿಲ್ಲ. ಕರಾವಳಿಯ ತೇವದ ಗಾಳಿಯಲ್ಲಿ ಅದು ಒಣಗುವುದೇ ಇಲ್ಲ. ಹೊತ್ತು ಮೂಡುವ ಮುನ್ನ ಘಾಟಿಯ ಗಾಳಿಗೆ ಸಿಕ್ಕರೆ ಒದ್ದೆ ಅಂಗಿ ಬೆನ್ನಿಗೆ ಮಂಜುಗಡ್ಡೆಯಾಗುತ್ತದೆ; ಮಧ್ಯಾಹ್ನ ಕಂಕುಳು, ತೊಡೆಸಂದುಗಳಲ್ಲಿ ಉಜ್ಜಿ ಉಜ್ಜಿ ಚರ್ಮ ಕಿತ್ತು ಬರುತ್ತದೆ. ಪಾದಯಾತ್ರೆ ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದವರಲ್ಲಿ ಕಾಲು ನೋವಿಗಿಂತ ಈ ಉಜ್ಜು ಗಾಯಕ್ಕೆ ಸೋತವರು ಕಡಿಮೆ ಇರಲಾರರು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೆ. ಜೀನ್ಸ್ ಪ್ಯಾಂಟಂತೂ ಬೇಡವೇ ಬೇಡ. ಒದ್ದೆಯಾದರೆ ಅದರ ಭಾರ ಹೊರುವುದೇ ಒಂದು ಹರಕೆ.

ಇದಕ್ಕೆ ಪರಿಹಾರ ಬಹುಪಾಲು ಮನೆಗಳ ಕಪಾಟಿನಲ್ಲೇ ಇದೆ. ದಕ್ಷಿಣ ಕನ್ನಡದಲ್ಲಿ ವಾಲಿಬಾಲ್, ಕಬಡ್ಡಿ, ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟಗಳಿಲ್ಲದ ವಾರವುಂಟೇ? ಪ್ರತಿ ಪಂದ್ಯಾಟಕ್ಕೂ ಒಂದು ಜೆರ್ಸಿ. ಆ ಪಾಲಿಯೆಸ್ಟರ್ ಜೆರ್ಸಿ ನೀರನ್ನು ಎಳೆಯೊಳಗೆ ಹೀರುವುದಿಲ್ಲ. ಬೆವರನ್ನು ಮೇಲ್ಮೈಗೆ ಹರಡಿ ಬೇಗ ಆರಲು ಬಿಡುತ್ತದೆ. ರಾತ್ರಿ ಹಿಂಡಿ ಹಗ್ಗಕ್ಕೆ ಹಾಕಿದರೆ ಬೆಳಿಗ್ಗೆ ಒಣಗಿರುತ್ತದೆ. ವಾಸನೆ ಹಿಡಿಯುತ್ತದೆ ಎಂಬ ದೂರು ನಿಜ. ಆದ್ದರಿಂದ ಎರಡು ಇರಲಿ. ಎದೆಯ ಮೇಲೆ ಪ್ರಾಯೋಜಕರ ಹೆಸರು, ಬೆನ್ನ ಮೇಲೆ ಅಣ್ಣನ ಹೆಸರು ಇದ್ದರೆ ನಡಿಗೆಗೆ ತೊಂದರೆಯೇನಿಲ್ಲ.

ಬೆವರು ಆರುವುದು ಯಾಕೆ ಅಷ್ಟು ಮುಖ್ಯ? ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಏಳು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವಷ್ಟು ಶಾಖ ಅದು. ಆದರೆ ಬೆವರು ಹನಿಹನಿಯಾಗಿ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಈ ಲಾಭವಿಲ್ಲ, ಆವಿಯಾದರೆ ಮಾತ್ರ. ತೇವದ ಗಾಳಿಯಲ್ಲಿ ಆವಿಯಾಗುವುದೇ ಕಷ್ಟ. ಅದರ ಮೇಲೆ ಜಾಕೆಟ್ ಹೊದೆಸಿಬಿಟ್ಟರೆ ದೇಹಕ್ಕಿರುವ ಒಂದೇ ಕಿಟಕಿಯನ್ನೂ ಮುಚ್ಚಿದಂತೆ.

ಈಗ ಮುಂಡಾಜೆಯ ಆ ಅಜ್ಜಿಯ ಪ್ರಶ್ನೆಗೆ ಬರೋಣ. ಹುಡುಗಿ ಜಾಕೆಟ್ ಯಾಕೆ ತೆಗೆಯಲಿಲ್ಲ? ಅವಳು ಒಳಗೆ ತೊಟ್ಟಿದ್ದು ಬಿಳಿಯ ತೆಳು ಟೀ ಶರ್ಟು. ಬೆವರಿಗೆ ಅದು ಮೈಗಂಟಿತ್ತು. ಸುತ್ತ ಜನ, ರಸ್ತೆಯ ತುಂಬ ವಾಹನ. ತೆಗೆಯುವುದು ಹೇಗೆ? ಈ ಸಂಕೋಚವನ್ನು ಅವಳು ಗೆಳತಿಯರಿಗೆ ಹೇಳಿದ್ದು ಮನೆಗೆ ಮರಳಿದ ಎಷ್ಟೋ ದಿನಗಳ ಮೇಲೆ. ಅಂಗಡಿಯವರೂ ಅಪ್ಪಂದಿರೂ ಯೋಚಿಸದ, ಅಮ್ಮಂದಿರು ಯೋಚಿಸಬೇಕಾದ ಸಂಗತಿ ಇದು. ಮೇಲಿನ ಪದರಗಳನ್ನು ಕಳಚುವುದಕ್ಕಾಗಿಯೇ ತೊಡುವುದು ಎಂದ ಮೇಲೆ, ಒಳಗಿನದು ಒದ್ದೆಯಾದರೂ ಅಂಟದ, ಪಾರದರ್ಶಕವಾಗದ, ಅದೊಂದರಲ್ಲೇ ನಾಲ್ಕು ಜನರ ನಡುವೆ ಧೈರ್ಯವಾಗಿ ನಡೆಯಬಹುದಾದ ಬಟ್ಟೆಯಾಗಿರಬೇಕು. ಸಡಿಲವಾದ, ಚಿತ್ತಾರವಿರುವ ಕುರ್ತಾ ಆಗಬಹುದು. ಒಂದು ಅಳತೆ ದೊಡ್ಡದಾದ ಜೆರ್ಸಿ ಆಗಬಹುದು. ಕನ್ನಡಿಯ ಮುಂದೆ ನಿಂತು ಜರ್ಕಿನ್ ಹೇಗೆ ಕಾಣುತ್ತದೆಂದು ನೋಡುವ ಮೊದಲು, ಬಚ್ಚಲಿನಲ್ಲಿ ಒಳಗಿನ ಅಂಗಿಯ ಮೇಲೆ ಎರಡು ಚೆಂಬು ನೀರು ಸುರಿದು ನೋಡಿಕೊಳ್ಳುವುದು ಹೆಚ್ಚು ಉಪಯೋಗದ ಪರೀಕ್ಷೆ.

ಬಣ್ಣದ ಬಗ್ಗೆ ಒಂದು ಮಾತು. ಹುಡುಗರ ತಂಡಗಳು ಹೆಸರು ಅಚ್ಚು ಹಾಕಿಸಿದ ಕಪ್ಪು ಟೀ ಶರ್ಟನ್ನೇ ಯಾಕೆ ಆರಿಸುತ್ತವೋ, ಅಕ್ಷರ ಚೆನ್ನಾಗಿ ಕಾಣುತ್ತದೆಂದು ಇರಬೇಕು. ಕಪ್ಪು ಬಿಸಿಲನ್ನು ಹೆಚ್ಚು ಹೀರುತ್ತದೆ ಎನ್ನುವುದು ಸತ್ಯ. ಹಾಗಾದರೆ ಮರಳುಗಾಡಿನ ಬೆದೂಯಿನ್ ಜನ ಕಪ್ಪು ನಿಲುವಂಗಿ ತೊಡುತ್ತಾರಲ್ಲ? 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿಜ್ಞಾನಿಗಳು ಇದನ್ನೇ ಅಳೆದು ಬರೆದರು. ಕಪ್ಪು ನಿಲುವಂಗಿ ಬಿಸಿಯಾಗುವುದು ಹೌದು, ಆದರೆ ಅದು ತುಂಬ ಸಡಿಲವಾಗಿರುವುದರಿಂದ ಒಳಗೆ ಗಾಳಿ ಆಡಿ ಆ ಹೆಚ್ಚಿನ ಶಾಖ ಚರ್ಮಕ್ಕೆ ತಲುಪುವುದಿಲ್ಲ. ಬಣ್ಣಕ್ಕಿಂತ ಸಡಿಲವೇ ಮುಖ್ಯ ಎಂದಾಯಿತು. ಮೈಗೆ ಅಂಟಿದ ಕಪ್ಪು ಟೀ ಶರ್ಟಿಗೆ ಈ ರಿಯಾಯಿತಿ ಇಲ್ಲ.

ಎರಡನೆಯ ಪದರ ಚಳಿಗೆ. ಇಲ್ಲಿ ಅಮ್ಮ ಹೇಳಿದ ಅಜ್ಜನ ಶಾಲಿಗೆ ಗೌರವ ಸಲ್ಲಬೇಕು. ಉಣ್ಣೆ ವಿಚಿತ್ರ ವಸ್ತು. ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಒಂದಿಷ್ಟು ಶಾಖವನ್ನೂ ಹೊರಬಿಡುತ್ತದೆ. ಹಿಂದೆ ಬೆಳ್ತಂಗಡಿ, ಬಂಟ್ವಾಳ ಕಡೆಯಿಂದ ಕಾಫಿ ತೋಟದ ಕೆಲಸಕ್ಕೆಂದು ‘ಘಟ್ಟಕ್ಕೆ’ ಹೋಗುತ್ತಿದ್ದವರು ಕಂಬಳಿ ಕಂಡಿದ್ದು ಅಲ್ಲೇ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಡಿಸಿ ತಲೆಗೆ ಹಾಕಿದರೆ ಮಳೆಗೆ ಕೊಪ್ಪೆ. ಇವತ್ತಿನ ಹುಡುಗಿಯ ಬೆನ್ನುಚೀಲಕ್ಕೆ ಕಂಬಳಿ ಭಾರವೇ. ತೆಳುವಾದ ಉಣ್ಣೆಯ ಶಾಲು ಅಥವಾ ಮುಂದೆ ಗುಂಡಿಯೋ ಜಿಪ್ಪೋ ಇರುವ ಹಗುರ ಸ್ವೆಟರ್ ಸಾಕು. ತಲೆಯಿಂದ ಎಳೆದು ತೊಡುವ ಸ್ವೆಟರಿಗಿಂತ ಮುಂದೆ ತೆರೆಯುವುದು ಲೇಸು. ಪೂರ್ತಿ ತೆಗೆಯುವ ಮೊದಲು ಅರ್ಧ ತೆರೆದು ನಡೆಯಬಹುದು. ಫ್ಲೀಸ್ ಎಂದು ಮಾರುವ ಮೆತ್ತನೆಯ ಪಾಲಿಯೆಸ್ಟರ್ ಅಂಗಿಯೂ ಆದೀತು, ಅದೂ ಬೇಗ ಒಣಗುತ್ತದೆ.

ನಡೆಯುವಾಗ ದೇಹವೇ ಒಲೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಿದರೆ ಬಟ್ಟೆ ಸರಿಯಾಗಿದೆ ಎಂದರ್ಥ. ಹೊರಡುವಾಗಲೇ ಬೆಚ್ಚಗಿದ್ದರೆ ಹತ್ತು ನಿಮಿಷದಲ್ಲಿ ಬೆವರು ಗ್ಯಾರಂಟಿ. ನಿಂತಾಗ, ಚಹಾ ಕುಡಿಯಲು ಕೂತಾಗ ಸ್ವೆಟರ್ ಹಾಕಬೇಕು, ನಡೆಯಲು ಎದ್ದಾಗ ತೆಗೆಯಬೇಕು. ಎಲ್ಲರೂ ಮಾಡುವುದು ಇದಕ್ಕೆ ನೇರ ವಿರುದ್ಧ.

ಘಟ್ಟದ ಮೇಲಿನ ತಂಡಗಳಿಗೆ ಇನ್ನೊಂದು ತಮಾಷೆಯ ತೊಂದರೆ ಇದೆ. ಚಾಪೆ, ಪಾತ್ರೆ, ಅಕ್ಕಿ, ಬ್ಯಾಗುಗಳನ್ನೆಲ್ಲ ಹೊತ್ತ ಟೆಂಪೊ ಮುಂದೆ ಹೋಗಿ ಅಡುಗೆಗೆ ಜಾಗ ಹಿಡಿಯುತ್ತದೆ. ನಡೆಯುವವರು ಕೈಬೀಸಿ ಬರುತ್ತಾರೆ. ಸ್ವೆಟರುಗಳು ಟೆಂಪೊದಲ್ಲಿ. ನಡುರಾತ್ರಿ ಕೊಟ್ಟಿಗೆಹಾರದ ಗಾಳಿಯಲ್ಲಿ ಇವರು ನಡುಗುತ್ತಿರುವಾಗ ಸ್ವೆಟರುಗಳು ಉಜಿರೆಯ ಸೆಕೆಯಲ್ಲಿ ಬೆಚ್ಚಗೆ ನಿದ್ದೆ ಹೊಡೆಯುತ್ತಿರುತ್ತವೆ. ಎರಡನೆಯ ಪದರ ಎಷ್ಟೇ ಒಳ್ಳೆಯದಿದ್ದರೂ ಅದು ನಡೆಯುವವರ ಬೆನ್ನ ಮೇಲಿದ್ದರೆ ಮಾತ್ರ ಬಟ್ಟೆ.

ಮೂರನೆಯದು ಗಾಳಿ, ಮಳೆಗೆ. ಫೆಬ್ರವರಿಯಲ್ಲಿ ಮಳೆಯೇ ಎಂದು ನಗಬೇಡಿ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಮೂಡಿಗೆರೆ ಕಡೆಯ ಬೆಳೆಗಾರರು ಕಾಯುತ್ತ ಕೂರುವುದೇ ಕಾಫಿಯ ಹೂ ಮಳೆಗೆ. ಅವರ ಭಾಗ್ಯ ಪಾದಯಾತ್ರಿಯ ಗ್ರಹಚಾರ. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಗುಡುಗಿ ಬರುವ ಈ ಮಳೆ ಅರ್ಧ ಗಂಟೆಯಲ್ಲಿ ತೋಯಿಸಿ ಹೋಗುತ್ತದೆ.

ಹಾಗೆಂದು ದುಬಾರಿ ಜಾಕೆಟ್ ಬೇಕೇ? ‘ನೀರು ಒಳಗೆ ಬರುವುದಿಲ್ಲ, ಬೆವರು ಹೊರಗೆ ಹೋಗುತ್ತದೆ’ ಎಂಬ ಜಾಹೀರಾತಿನ ಜಾಕೆಟ್‌ಗಳು ಈಗ ಮಂಗಳೂರಿನ ಅಂಗಡಿಗಳಲ್ಲೂ ಸಿಗುತ್ತವೆ. ಅದು ಸುಳ್ಳಲ್ಲ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬಾತ ಟೆಫ್ಲಾನ್ ಜಾತಿಯ ಪ್ಲಾಸ್ಟಿಕನ್ನು ಬಿಸಿ ಮಾಡಿ ಫಕ್ಕನೆ ಎಳೆದಾಗ ಅದು ಸೂಕ್ಷ್ಮ ರಂಧ್ರಗಳ ಹಾಳೆಯಾಯಿತು. ಮಳೆಹನಿ ನುಸುಳಲಾರದಷ್ಟು ಕಿರಿದು, ಆವಿ ನುಸುಳುವಷ್ಟು ಹಿರಿದು ಆ ರಂಧ್ರ. ಆದರೆ ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗೆ ತೇವ ಹೆಚ್ಚು, ಹೊರಗೆ ಕಡಿಮೆ ಇದ್ದಾಗ ಮಾತ್ರ ಆ ಕಡೆಗೆ ಸಾಗುತ್ತದೆ. ಹಿಮಾಲಯದ ಒಣ ಚಳಿಯಲ್ಲಿ ಈ ವ್ಯತ್ಯಾಸ ದೊಡ್ಡದು. ಬೆಳ್ತಂಗಡಿಯ ಗಾಳಿ ತಾನೇ ಒದ್ದೆ ಬೈರಾಸಿನಂತಿರುವಾಗ ಬೆವರು ಹೊರಟು ಹೋಗುವುದೆಲ್ಲಿಗೆ? ಸಾವಿರಾರು ರೂಪಾಯಿಯ ಜಾಕೆಟ್ ಇಲ್ಲಿ ಸಾಧಾರಣ ರೇನ್‌ಕೋಟಿಗಿಂತ ಹೆಚ್ಚಿನ ಉಪಕಾರ ಮಾಡಲಾರದು. ಉತ್ತರಾಖಂಡಕ್ಕೋ ಹಿಮಾಚಲಕ್ಕೋ ಚಾರಣ ಹೋಗುವ ಮಕ್ಕಳಿಗೆ ಕೊಡಿಸುವುದಾದರೆ ಅದು ಬೇರೆ ಮಾತು.

ಘಾಟಿಯ ಗಾಳಿಗೆ ಮುಷ್ಟಿಯಷ್ಟಾಗಿ ಮಡಿಸಬಹುದಾದ ತೆಳು ವಿಂಡ್ ಚೀಟರ್ ಸಾಕು. ಮಳೆಗೆ ಕೊಡೆ. ಕೊಡೆಯನ್ನು ಕೆಳಗಣ್ಣಿನಿಂದ ನೋಡುವ ಕಾಲೇಜು ಮಕ್ಕಳಿಗೆ ಎರಡು ಮಾತು ಹೇಳಬೇಕು. ಸುತ್ತ ಗಾಳಿಯಾಡಲು ಬಿಡುವ ಜಾಕೆಟ್ ಜಗತ್ತಿನಲ್ಲಿ ಇದೊಂದೇ. ಮತ್ತು ಮಳೆ ಬರದಿದ್ದರೆ ಉಜಿರೆಯ ಬಿಸಿಲಿಗೆ ನೆರಳನ್ನು ಜೊತೆಗೇ ಒಯ್ಯಬಹುದು. ಗುಡುಗು ಮಿಂಚು ಇದ್ದರೆ ಮಾತ್ರ ಕೊಡೆ ಮಡಿಸಿ, ಬಯಲನ್ನೂ ಒಂಟಿ ಮರವನ್ನೂ ಬಿಟ್ಟು, ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಕೈಯಲ್ಲಿ ಕೊಡೆ ಬೇಡವೆನ್ನುವವರಿಗೆ ಅಗಲ ಅಂಚಿನ ಟೊಪ್ಪಿ ಇದೆ. ನಮ್ಮ ತೋಟದ ಕೆಲಸದವರ ಅಡಿಕೆ ಹಾಳೆಯ ಮುಟ್ಟಾಳೆಯೂ ಕಳಪೆಯೇನಲ್ಲ. ಹಗುರ, ತಲೆಗೂ ಹಾಳೆಗೂ ನಡುವೆ ಗಾಳಿಗೆ ಜಾಗ.

ಜಾಕೆಟ್ ಎಂಬ ಹೆಸರಿಗೆ ನಿಜವಾಗಿ ಹಣ ಖರ್ಚು ಮಾಡಬೇಕಾದ ಜಾಗ ಬೇರೊಂದಿದೆ. ಬಿಸಿಲು ತಪ್ಪಿಸಲು ಹಲವರು ರಾತ್ರಿ ನಡೆಯುತ್ತಾರೆ. ರಾಷ್ಟ್ರೀಯ ಹೆದ್ದಾರಿ 73, ಘಾಟಿಯ ತಿರುವುಗಳು, ಇಕ್ಕಟ್ಟಿನ ಅಂಚು, ಇಳಿಜಾರಿನಲ್ಲಿ ಬರುವ ಬಸ್ಸು ಟ್ಯಾಂಕರುಗಳು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ ಹತ್ತಿರ ಹತ್ತಿರ 17 ಮೀಟರ್ ಸಾಗುತ್ತದೆ. ಕಪ್ಪು ಜರ್ಕಿನ್ ತೊಟ್ಟವರು ಚಾಲಕನ ಕಣ್ಣಿಗೆ ಬೀಳುವಷ್ಟರಲ್ಲಿ ಬ್ರೇಕಿಗೆ ದೂರವೇ ಉಳಿದಿರುವುದಿಲ್ಲ. ರಸ್ತೆ ಕೆಲಸದವರೂ ಟ್ರಾಫಿಕ್ ಪೊಲೀಸರೂ ತೊಡುವ, ಬೆಳ್ಳಿಯ ಪಟ್ಟಿಗಳಿರುವ ತೋಳಿಲ್ಲದ ಬಲೆಯ ಜಾಕೆಟ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಆ ಪಟ್ಟಿಯಲ್ಲಿರುವ ಅತಿಸಣ್ಣ ಗಾಜಿನ ಮಣಿಗಳು ಬೆಳಕನ್ನು ಬಂದ ದಿಕ್ಕಿಗೇ, ಅಂದರೆ ಚಾಲಕನ ಕಣ್ಣಿಗೇ, ಮರಳಿಸುತ್ತವೆ. ಬಲೆಯಾದ್ದರಿಂದ ಸೆಕೆಯೂ ಆಗುವುದಿಲ್ಲ. ತಂಡದ ಮೊದಲನೆಯವರೂ ಕೊನೆಯವರೂ ತಪ್ಪದೆ ತೊಡಬೇಕು. ಎಲ್ಲರಿಗೂ ಇದ್ದರೆ ಇನ್ನೂ ಒಳ್ಳೆಯದು. ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರಾಗಿ ನಡೆಯಬೇಕು. ಅತ್ತೆ ಮಾವ ಜೊತೆಗಿರುವ ಹುಡುಗಿಯರ ತಂಡವಾದರೆ ರಾತ್ರಿ ನಡಿಗೆಯನ್ನೇ ಬಿಟ್ಟು ನಸುಕಿನಿಂದ ಹತ್ತೂವರೆಯವರೆಗೆ, ಮತ್ತೆ ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ನಡೆದರೆ ಕ್ಷೇಮ.

ಈ ವೇಳಾಪಟ್ಟಿಯ ವಿಷಯದಲ್ಲಿ ಯಾವ ಪದರವೂ ಇಲ್ಲದೆ ನಡೆಯುವವರನ್ನು ನೆನೆಯಬೇಕು. ಮೂಡಬಿದಿರೆ, ವೇಣೂರು, ಧರ್ಮಸ್ಥಳದ ರಸ್ತೆಗಳಲ್ಲಿ ದಿಗಂಬರ ಮುನಿಗಳ ವಿಹಾರವನ್ನು ಈ ಭಾಗದ ಮಕ್ಕಳು ಕಂಡಿರುತ್ತಾರೆ. 1604ರಲ್ಲಿ ನಿಂತ ವೇಣೂರಿನ ಬಾಹುಬಲಿಗೆ 2024ರ ಫೆಬ್ರವರಿ ಕೊನೆಯಲ್ಲಿ ಮಹಾಮಸ್ತಕಾಭಿಷೇಕ ನಡೆದಾಗಲೂ ಮುನಿಗಳು ಕಾಲ್ನಡಿಗೆಯಲ್ಲೇ ಬಂದವರು. ಸೂರ್ಯೋದಯಕ್ಕೆ ಮುಂಚೆ ಅವರು ಹೆಜ್ಜೆ ಇಡುವುದಿಲ್ಲ, ಕತ್ತಲಾದ ಮೇಲೆ ನಡೆಯುವುದಿಲ್ಲ. ಕಾಲ ಕೆಳಗಿನ ಜೀವಿಗೆ ಹಾನಿಯಾಗಬಾರದೆಂಬ ನಿಯಮ ಅದು.

ಪರೀಕ್ಷೆ ಮುಗಿಸಿ ಏಪ್ರಿಲಿನಲ್ಲಿ ಗಡಾಯಿಕಲ್ಲು ಹತ್ತುವ ಹುಡುಗರಿಗೆ ಪ್ರತ್ಯೇಕ ಸೂಚನೆ. ಟಿಪ್ಪು 1794ರಲ್ಲಿ ಕಟ್ಟಿಸಿದ ಈ ಜಮಾಲಾಬಾದ್ ಕೋಟೆ ಸುಮಾರು 1,700 ಅಡಿ ಎತ್ತರದ ಒಂದೇ ಬಂಡೆಯ ಮೇಲಿದೆ. ಇಲ್ಲಿ ಚಳಿಯ ಮಾತು ಮರೆತುಬಿಡಿ. ಸಾವಿರದೆಂಟುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳಲ್ಲಿ ಮೇಲಿನ ಬಹುಭಾಗ ಬೋಳು ಕಲ್ಲು, ಕೆಳಗಿನಿಂದಲೂ ಕಾವು. ಒಂದು ಜೆರ್ಸಿ, ತೋಳು ಮುಚ್ಚುವ ಸಡಿಲ ಅಂಗಿ, ಟೊಪ್ಪಿ, ತಲಾ ಮೂರು ಲೀಟರ್ ನೀರು. ಬೆಳಿಗ್ಗೆ ಅರಣ್ಯ ಇಲಾಖೆಯ ಗೇಟು ತೆರೆದೊಡನೆ ಹತ್ತಿ ಬಿಸಿಲೇರುವ ಮೊದಲು ಇಳಿದುಬಿಡುವುದು.

ಹೆತ್ತವರಿಗೆ ಗೊತ್ತಿರಬೇಕಾದದ್ದು ಇಷ್ಟು: ತಲೆನೋವು, ವಾಕರಿಕೆ, ಕಾಲು ಸೆಳೆತ, ಅತಿಯಾದ ಬೆವರು ಮೊದಲ ಎಚ್ಚರಿಕೆ. ಆಗಲೇ ನೆರಳು, ಬಟ್ಟೆ ಸಡಿಲ, ಉಪ್ಪು ಸಕ್ಕರೆ ಬೆರೆಸಿದ ನೀರು. ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾದ ಚಮಚದ ಅಳತೆ. ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಂತಾದರೆ ಅದು ಶಾಖಾಘಾತ. ಮೈಯ ಉಷ್ಣತೆ 40 ಡಿಗ್ರಿ ದಾಟಿರುತ್ತದೆ. ಮೈಗೆಲ್ಲ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಫೋನ್ ಮಾಡಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಬಿ.ಸಿ. ರೋಡಿನ ಅಂಗಡಿಯಲ್ಲಿ ಮಾತು ಬೆಳೆಯಿತು. ಅಂಗಡಿಯ ಹುಡುಗ ತಾನೂ ಒಮ್ಮೆ ಕೊಟ್ಟಿಗೆಹಾರದಿಂದ ನಡೆದವನು. “ಅಣ್ಣ, ಈ ಜರ್ಕಿನ್ ಬೇಡ. ಆಲೇಕಾನು ದಾಟುವಾಗ ಇದನ್ನು ಕೈಯಲ್ಲಿ ಹಿಡ್ಕೊಂಡು ಬರ್ತಾರೆ, ನೋಡಿ ಬೇಕಾದರೆ” ಎಂದು ಮೆಲ್ಲಗೆ ಹೇಳಿ ಯಜಮಾನರ ಕಡೆ ಒಮ್ಮೆ ನೋಡಿದ. ಕೊನೆಗೆ ಚೀಲಕ್ಕೆ ಬಿದ್ದದ್ದು ಒಂದು ನೀಲಿ ವಿಂಡ್ ಚೀಟರ್, ಎರಡು ಸಡಿಲ ಕುರ್ತಾ. ಎದುರಿನ ಹಾರ್ಡ್‌ವೇರ್ ಅಂಗಡಿಯಿಂದ ಬೆಳ್ಳಿ ಪಟ್ಟಿಯ ಎಂಟು ಜಾಕೆಟ್. ಎಂಟು ಯಾಕೆಂದು ಕೇಳಿದ್ದಕ್ಕೆ ಅಪ್ಪ, “ಆರು ಮಕ್ಕಳು, ಅತ್ತೆ, ಮಾವ” ಎಂದು ಬೆರಳು ಮಡಿಸಿ ತೋರಿಸಿದರು. ಶಾಲು ಮಾತ್ರ ಮನೆಯದೇ. ಅದಕ್ಕೆ ಮಗಳು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಫೋಟೋ ತೆಗೆಯುವಾಗ ಅದು ಚೀಲದೊಳಗೆ ಇರಬೇಕು.